ಖಾತೆ ನಂಬರ್ ಬದಲಾಗಿದೆ ಎಂಬ ಇ-ಮೇಲ್ ನಂಬಿ 3.84 ಲಕ್ಷ ಹೋಯಿತು: ಹುಡುಗಿಯ ಸಂಬಳದಲ್ಲಿ ಹಿಡಿಯುವುದು ಸರಿಯೇ?

ಗಂಜ್ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೂರು ದಿನದಿಂದ ಊಟ ಸೇರುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬೇಳೆಯಲ್ಲಿ ಬಣ್ಣಗೆಟ್ಟ ಕಾಳು ಆರಿಸುವ ಯಂತ್ರದ ಬಿಡಿಭಾಗಗಳು ನಮಗೆ ತಮಿಳುನಾಡಿನ ಒಂದು ಕಂಪನಿಯಿಂದ ಬರುತ್ತವೆ. ಆರು ವರ್ಷದ ವ್ಯವಹಾರ. ಕಳೆದ ಸೋಮವಾರ ಅವರ ಹೆಸರಿನಲ್ಲಿ ಇ-ಮೇಲ್ ಬಂತು. ಹಳೆಯ ಖಾತೆ ಆಡಿಟ್‌ನಲ್ಲಿದೆ, ಬಾಕಿ 3,84,000 ರೂಪಾಯಿಯನ್ನು ಈ ಹೊಸ ಖಾತೆಗೆ ಹಾಕಿ ಎಂದಿತ್ತು. ಬಿಲ್ ನಂಬರ್ ಸರಿ, ಮೊತ್ತ ಸರಿ, ಲಾಂಛನ ಸರಿ, ಕೆಳಗಿನ ಸಹಿಯೂ ಸರಿ. ಪಾವತಿ ನೋಡಿಕೊಳ್ಳುವ ಹುಡುಗಿ ನಮ್ಮಲ್ಲಿ ಸೇರಿ ಎಂಟು ತಿಂಗಳಾಗಿದೆ. ಅವಳು ಆರ್‌ಟಿಜಿಎಸ್ ಮೂಲಕ ಬ್ಯಾಂಕಿನಿಂದ ಹಣ ಕಳುಹಿಸಿಬಿಟ್ಟಳು. ಬುಧವಾರ ಕಂಪನಿಯವರೇ ಫೋನ್ ಮಾಡಿ ದುಡ್ಡು ಯಾವಾಗ ಹಾಕುತ್ತೀರಿ ಎಂದು ಕೇಳಿದಾಗ ನಮಗೆ ಗೊತ್ತಾಯಿತು.

ಆಮೇಲೆ ಆ ವಿಳಾಸವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಇಂಗ್ಲಿಷಿನ ಎಂ ಇರಬೇಕಾದ ಜಾಗದಲ್ಲಿ ಆರ್ ಮತ್ತು ಎನ್ ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದವು. ಅವಸರದ ಕೈಬರಹದಲ್ಲಿ 'ವು' ಎಂದಿರುವುದನ್ನು 'ಮ' ಎಂದು ಓದುತ್ತೇವಲ್ಲ, ಹಾಗೆ. ಕನ್ನಡಕ ಹಾಕಿಕೊಂಡೂ ಮೊದಲ ಸಲ ನನ್ನ ಕಣ್ಣಿಗೆ ಬೀಳಲಿಲ್ಲ.

ಸಾಹುಕಾರರು ಈಗ ಇಡೀ ಮೊತ್ತವನ್ನು ಹುಡುಗಿಯ ಸಂಬಳದಲ್ಲಿ ಹಿಡಿಯಿರಿ ಎನ್ನುತ್ತಿದ್ದಾರೆ. ಅವಳ ಸಂಬಳ ತಿಂಗಳಿಗೆ 14,000. ಒಂದು ರೂಪಾಯಿ ಕೊಡದೆ ಹಿಡಿದರೂ ಇಪ್ಪತ್ತೇಳು ತಿಂಗಳಲ್ಲಿ ತೀರುವುದಿಲ್ಲ. ಇದು ನ್ಯಾಯವೇ? ನಮ್ಮಂತಹ ಸಣ್ಣ ಕಚೇರಿಯಲ್ಲಿ ಇದು ಮತ್ತೆ ಆಗದಂತೆ ಏನು ಮಾಡಬೇಕು?

ಶಹಾಬಾದಿ

ಸೈಬರ್ ವಂಚನೆಯ ಸಹಾಯವಾಣಿ 155260ಕ್ಕೆ ಕರೆ ಮಾಡಿದಿರಾ? ನ್ಯಾಯ ಅನ್ಯಾಯ ಆಮೇಲೆ, ಮೊದಲು ಅದು.

ಬೀದರ್ ಬ್ಯಾಂಕಿನವ, ನಿವೃತ್ತ

ಅದು ಹಳೆಯ ನಂಬರ್ ಶಹಾಬಾದಿಯವರೇ, ಈಗ 1930. ದಯವಿಟ್ಟು ಎಲ್ಲರೂ ಫೋನಿನಲ್ಲಿ ತಿದ್ದಿಕೊಳ್ಳಿ. ಲೆಕ್ಕಿಗರೇ, ಕರೆ ಮಾಡುವಾಗ ಯುಟಿಆರ್ (ಆ ವಹಿವಾಟಿಗೆ ಬ್ಯಾಂಕು ಕೊಟ್ಟ ಗುರುತಿನ) ನಂಬರ್, ನಿಮ್ಮ ಖಾತೆ, ಹಣ ಹೋದ ಖಾತೆ, ಗಂಟೆ ನಿಮಿಷ ಎಲ್ಲ ಕೈಯಲ್ಲಿರಲಿ. ಸೈಬರ್ ಅಪರಾಧದ ರಾಷ್ಟ್ರೀಯ ಜಾಲತಾಣದಲ್ಲಿಯೂ ದೂರು ದಾಖಲಿಸಿ, ನಿಮ್ಮ ಬ್ಯಾಂಕಿನ ಶಾಖೆಗೆ ಬರಹದಲ್ಲಿ ಕೊಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೂ ಹೋಗಿ.

ಗಂಜ್ ಲೆಕ್ಕಿಗ, ಕಲಬುರಗಿ

ಬುಧವಾರ ಮಧ್ಯಾಹ್ನವೇ ಮಾಡಿದೆವು ಸರ್. ಸ್ವೀಕೃತಿ ಸಂಖ್ಯೆ ಬಂದಿದೆ. ಆದರೆ ಅಷ್ಟರಲ್ಲಿ ಎರಡು ದಿನ ಕಳೆದಿತ್ತು.

ಬೀದರ್ ಬ್ಯಾಂಕಿನವ, ನಿವೃತ್ತ

ಎರಡು ದಿನ ಎಂದರೆ ಬಹಳವಾಯಿತು. ಕಳ್ಳರು ಆ ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಒಂದು ಖಾತೆಯಿಂದ ನಾಲ್ಕಕ್ಕೆ, ನಾಲ್ಕರಿಂದ ಹದಿನಾರಕ್ಕೆ ಹಂಚಿ, ಕೊನೆಗೆ ಎಟಿಎಂನಲ್ಲಿ ತೆಗೆಯುತ್ತಾರೆ. ಆ ಖಾತೆಗಳೆಲ್ಲ ಬಾಡಿಗೆ ಖಾತೆಗಳು. ಕಾಲೇಜು ಹುಡುಗರು, ಕೂಲಿಯವರು ನಾಲ್ಕೈದು ಸಾವಿರಕ್ಕೆ ಪಾಸ್‌ಬುಕ್, ಕಾರ್ಡು, ಸಿಮ್ ಸಮೇತ ಕೊಟ್ಟಿರುತ್ತಾರೆ. 1930 ವ್ಯವಸ್ಥೆಯಲ್ಲಿ ಪೊಲೀಸರೂ ಬ್ಯಾಂಕುಗಳೂ ಒಂದೇ ಜಾಲದಲ್ಲಿವೆ, ಹಣ ಎಲ್ಲಿ ಸಿಕ್ಕರೆ ಅಲ್ಲಿ ತಡೆಹಿಡಿಯಲು ಬರುತ್ತದೆ. ಆದರೆ ಹಣ ಇನ್ನೂ ಒಳಗೆ ಇದ್ದರೆ ಮಾತ್ರ. ಮೊದಲ ಒಂದು ಗಂಟೆ ಬಂಗಾರ.

ಹೊರಗಿನ ಖಾತೆಗೆ ಹೊಸದಾಗಿ ಹಾಕುವಾಗ ಹೆಸರು ನೋಡಿಕೊಂಡರೇ? ಹಿಂದೆ ಆರ್‌ಟಿಜಿಎಸ್, ನೆಫ್ಟ್‌ನಲ್ಲಿ ಹೆಸರು ಏನೇ ಬರೆದರೂ ಖಾತೆ ನಂಬರ್ ನೋಡಿಯೇ ಹಣ ಜಮಾ ಆಗುತ್ತಿತ್ತು. ಹಣ ಕಳುಹಿಸುವ ಮೊದಲು ಆ ಖಾತೆದಾರನ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಕಂಪನಿಯ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ಕೈ ನಿಲ್ಲಿಸಬೇಕು.

ಅಡತಿ ಅಂಗಡಿ, ಕಲಬುರಗಿ ಗಂಜ್

ನಾನು ಸಾಹುಕಾರರ ಪರವಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಎಂದರೆ ಎಷ್ಟು ಕ್ವಿಂಟಲ್ ತೊಗರಿಯ ಕಮಿಷನ್ ಎಂದು ನನಗೆ ಗೊತ್ತು. ರೈತ ಬೆಳಿಗ್ಗೆ ಬಂದು ತನ್ನ ಮಾರಾಟದ ಪಟ್ಟಿಯ ದುಡ್ಡು ಕೇಳುತ್ತಾನೆ, ಬ್ಯಾಂಕ್ ಬಡ್ಡಿ ಕೇಳುತ್ತದೆ. ಕೈತಪ್ಪಿ ಹಾಕಿದವರು 'ಗೊತ್ತಾಗಲಿಲ್ಲ' ಎಂದು ಪಾರಾಗುವುದಾದರೆ ನಾಳೆ ಯಾರು ಎಚ್ಚರವಾಗಿರುತ್ತಾರೆ? ಪೂರ್ತಿ ಅಲ್ಲದಿದ್ದರೂ ಒಂದು ಪಾಲನ್ನು ಹಿಡಿಯಲೇಬೇಕು.

ವಕೀಲರ ಕಚೇರಿ, ಸೇಡಂ

ಅಡತಿಯವರೇ, ಕಾನೂನು ಅಷ್ಟು ಸಲೀಸಾಗಿಲ್ಲ. ನೌಕರರ ನಿರ್ಲಕ್ಷ್ಯದಿಂದಲೇ ನಷ್ಟವಾಯಿತು ಎಂದು ತೋರಿಸಬೇಕು, ಅವರಿಗೆ ಕಾರಣ ಹೇಳುವ ಅವಕಾಶ ಕೊಡಬೇಕು. ಆಮೇಲೂ ಒಂದು ತಿಂಗಳ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ. ಸಾಹುಕಾರರು ಬಾಯಿಮಾತಿನಲ್ಲಿ ಹಿಡಿಯಿರಿ ಎಂದರೆ ಲೆಕ್ಕಿಗರು ಹಿಡಿಯಬಾರದು.

ಹುಮನಾಬಾದ್ ರಸ್ತೆ

ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ಲ, ಮೂರು ಕೆಲಸದ ದಿನದೊಳಗೆ ಹೇಳಿದರೆ ಗ್ರಾಹಕನಿಗೆ ಹೊಣೆ ಇಲ್ಲ ಎಂದು? ಬ್ಯಾಂಕೇ ಕೊಡಬೇಕಲ್ಲವೇ?

ಬೀದರ್ ಬ್ಯಾಂಕಿನವ, ನಿವೃತ್ತ

ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. 2017ರ ಜುಲೈ ತಿಂಗಳ ಆ ಸುತ್ತೋಲೆ ಬಂದದ್ದು ಗ್ರಾಹಕನ ಒಪ್ಪಿಗೆ ಇಲ್ಲದೆ ನಡೆದ ವಹಿವಾಟಿಗೆ. ಇಲ್ಲಿ ಮಿಲ್ಲಿನವರೇ ಲಾಗಿನ್ ಆಗಿ, ಮಿಲ್ಲಿನವರೇ ಒಟಿಪಿ ಕೊಟ್ಟು ಕಳುಹಿಸಿದ್ದಾರೆ. ಮೋಸ ಹೋಗಿ ಕಳುಹಿಸಿದರೂ ಬ್ಯಾಂಕಿನ ಕಣ್ಣಿಗೆ ಅದು ನಿಮ್ಮದೇ ಆಜ್ಞೆ.

ಆ ಮಾತಿಗೇ ಒಂದು ಪ್ರಶ್ನೆ. ಒಟಿಪಿ ಯಾರ ಫೋನಿಗೆ ಬಂತು ಲೆಕ್ಕಿಗರೇ?

ಗಂಜ್ ಲೆಕ್ಕಿಗ, ಕಲಬುರಗಿ

ಸಾಹುಕಾರರ ಫೋನಿಗೆ. ಅವರು ಆ ದಿನ ಜೇವರ್ಗಿಯಲ್ಲಿ ಮದುವೆಯಲ್ಲಿದ್ದರು. ಹುಡುಗಿ ಫೋನ್ ಮಾಡಿ ಕೇಳಿದಳು, ಅವರು ಆರು ಅಂಕಿ ಓದಿ ಹೇಳಿದರು. ನಮ್ಮಲ್ಲಿ ಯಾವಾಗಲೂ ಹಾಗೆಯೇ ನಡೆಯುತ್ತದೆ.

ಬೀದರ್ ಬ್ಯಾಂಕಿನವ, ನಿವೃತ್ತ

ಹಾಗಾದರೆ ಮಾತು ಮುಗಿಯಿತಲ್ಲ. ಖಾತೆಯ ಯಜಮಾನ ನೋಡಿ ಒಪ್ಪಲಿ ಎಂದೇ ಬ್ಯಾಂಕು ಒಟಿಪಿಯನ್ನು ಅವನ ಫೋನಿಗೆ ಕಳುಹಿಸುವುದು. ಆ ಸಂದೇಶದಲ್ಲಿ ಸಾಮಾನ್ಯವಾಗಿ ಮೊತ್ತವೂ ಹಣ ಹೋಗುವ ಖಾತೆಯ ಕೊನೆಯ ಅಂಕಿಗಳೂ ಇರುತ್ತವೆ. ಅಂಕಿ ಮಾತ್ರ ಓದಿ ಹೇಳಿದರೆ ಎರಡನೆಯ ಕಣ್ಣು ಮುಚ್ಚಿದಂತೆ. ನಷ್ಟವನ್ನು ಹಂಚುವುದೇ ಆದರೆ ಮೊದಲ ಪಾಲು ಯಾರದು ಎಂದು ಅಡತಿಯವರೇ ಹೇಳಲಿ.

ಅಡತಿ ಅಂಗಡಿ, ಕಲಬುರಗಿ ಗಂಜ್

ಒಟಿಪಿ ವಿಷಯ ಗೊತ್ತಿರಲಿಲ್ಲ. ಅದು ಸಾಹುಕಾರರ ತಪ್ಪೇ, ಒಪ್ಪುತ್ತೇನೆ. ಆದರೂ ಹುಡುಗಿ ಒಂದು ಫೋನ್ ಮಾಡಿ ಕಂಪನಿಯವರನ್ನು ಕೇಳಬಹುದಿತ್ತು.

ಯಾದಗಿರಿ ಮೇಷ್ಟ್ರು, ಕಂಪ್ಯೂಟರ್ ಬೋಧಕ

ಕೇಳಬಹುದಿತ್ತು, ನಿಜ. ಕೇಳಬೇಕು ಎಂದು ಅವಳಿಗೆ ಯಾರಾದರೂ ಹೇಳಿದ್ದರೇ? ಎಂಟು ತಿಂಗಳಲ್ಲಿ ಅವಳಿಗೆ ಟ್ಯಾಲಿ ಕಲಿಸಿರುತ್ತೀರಿ, ಜಿಎಸ್‌ಟಿ ಕಲಿಸಿರುತ್ತೀರಿ. ಖಾತೆ ನಂಬರ್ ಬದಲಾದರೆ ಹಳೆಯ ಬಿಲ್ಲಿನ ಮೇಲಿರುವ ಫೋನ್ ನಂಬರಿಗೆ ಕರೆ ಮಾಡಿ, ಪರಿಚಯದ ದನಿ ಕೇಳಿದ ಮೇಲೆಯೇ ಹಣ ಹಾಕು ಎಂದು ಕಲಿಸಿದವರು ಯಾರು? ಇ-ಮೇಲ್‌ನಲ್ಲಿರುವ ನಂಬರಿಗೆ ಅಲ್ಲ, ಅದು ಕಳ್ಳನದೇ ನಂಬರ್ ಇರುತ್ತದೆ. ಹಳೆಯ ಬಿಲ್ಲಿನ ನಂಬರಿಗೆ. ಈ ಒಂದು ರೂಢಿ ಇದ್ದರೆ ಇಂತಹ ಮೋಸಗಳಲ್ಲಿ ಬಹುಪಾಲು ಅಲ್ಲಿಯೇ ನಿಲ್ಲುತ್ತವೆ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ. ಬಿಲ್ ನಂಬರೂ ಬಾಕಿ ಮೊತ್ತವೂ ಕಳ್ಳನಿಗೆ ಹೇಗೆ ಗೊತ್ತಾಯಿತು? ನಿಮ್ಮ ಅಂಚೆಪೆಟ್ಟಿಗೆಯನ್ನೋ ಅವರದನ್ನೋ ಯಾರೋ ಮೊದಲಿನಿಂದಲೂ ಓದುತ್ತಿದ್ದಾರೆ. ಜಿಮೇಲ್ ಆಗಿದ್ದರೆ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎರಡನ್ನೂ ನೋಡಿ. ಯಾವ ಯಾವ ಸಾಧನದಲ್ಲಿ ಖಾತೆ ತೆರೆದಿದೆ ಎಂಬ ಪಟ್ಟಿಯನ್ನೂ ನೋಡಿ. ಈಗಲೇ ನೋಡಿ, ನಾಳೆಗೆ ಬೇಡ.

ಸುರಪುರದ ಆಪರೇಟರ್

ನಮ್ಮ ಪಂಚಾಯಿತಿ ಗುಂಪಿನಲ್ಲಿ ಹೋದ ತಿಂಗಳು ಮದುವೆ ಆಮಂತ್ರಣ ಎಂದು ಒಂದು ಫೈಲ್ ಬಂತು. ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ, ಹೆಸರಿನ ಕೊನೆಯಲ್ಲಿ ಎಪಿಕೆ, ಅಂದರೆ ಫೋನಿಗೆ ಆಪ್ ಹಾಕುವ ಫೈಲ್. ಕಳುಹಿಸಿದವರು ಊರಿನ ಹಿರಿಯರು, ಅದಕ್ಕೇ ಹನ್ನೊಂದು ಜನ ಒತ್ತಿದರು. ಒತ್ತಿದ ಕೂಡಲೇ ಅದು ಸಂದೇಶ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಬ್ಯಾಂಕಿನ ಒಟಿಪಿಗಳೆಲ್ಲ ಅವರ ಕೈಗೆ. ಪಾಪ, ಆ ಹಿರಿಯರ ಫೋನೇ ಮೊದಲು ಹೋಗಿತ್ತು, ಅವರು ಏನನ್ನೂ ಕಳುಹಿಸಿರಲಿಲ್ಲ. ಆಮಂತ್ರಣಕ್ಕೆ ಆಪ್ ಬೇಕಾಗುವುದಿಲ್ಲ ಎಂದು ಕನ್ನಡದಲ್ಲಿ ದನಿ ಸಂದೇಶ ಮಾಡಿ ಎಲ್ಲ ಗುಂಪುಗಳಿಗೆ ಹಾಕಿದೆ. ಬರೆದದ್ದನ್ನು ಅರ್ಧ ಜನ ಓದುವುದಿಲ್ಲ, ದನಿಯಾದರೆ ಕೇಳುತ್ತಾರೆ.

ಲ್ಯಾಬ್ ಅಕ್ಕ, ಕಲಬುರಗಿ

ಆಪರೇಟರ್ ತಮ್ಮಾ, ಒಳ್ಳೆಯ ಕೆಲಸ ಮಾಡಿದ್ದೀಯ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯ ಕಥೆ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಒಂದೂ ಫೈಲ್ ತೆರೆಯಲಿಲ್ಲ. ಎಲ್ಲ ಹೆಸರುಗಳ ಹಿಂದೆಯೂ ಅರ್ಥವಾಗದ ಬಾಲ ಅಂಟಿಕೊಂಡಿತ್ತು. ಪರದೆಯ ಮೇಲೆ ದುಡ್ಡು ಕೇಳುವ ಪತ್ರ. ಹೊರಗೆ ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ಬ್ಯಾಕಪ್ ಇದೆ ಎಂದು ಧೈರ್ಯವಾಗಿದ್ದೆವು. ನೋಡಿದರೆ ಬ್ಯಾಕಪ್ ಇದ್ದ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರಿಗೆ ಹಗಲೂ ರಾತ್ರಿ ಚುಚ್ಚಿಯೇ ಇತ್ತು. ಅದೂ ಹೋಗಿತ್ತು. ಹನ್ನೆರಡು ದಿನ ಕೈಯಲ್ಲಿ ವರದಿ ಬರೆದೆವು, ಹಳೆಯ ರೋಗಿಗಳ ದಾಖಲೆ ಮರಳಿ ಬರಲೇ ಇಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿಯೇ ಸರ್ವರ್‌ಗಳು ಹೀಗೆ ನಿಂತು ಕಾಗದದ ಮೇಲೆ ಕೆಲಸ ಮಾಡಬೇಕಾಯಿತು ಎಂದ ಮೇಲೆ ಸಣ್ಣವರ ಪಾಡೇನು?

ಈಗಿನ ನನ್ನ ಲ್ಯಾಬ್‌ನಲ್ಲಿ ಎರಡು ಡಿಸ್ಕ್. ಸಂಜೆ ಬ್ಯಾಕಪ್ ತೆಗೆದ ಕೂಡಲೇ ಬಿಚ್ಚಿ ಒಂದನ್ನು ಕಪಾಟಿನಲ್ಲಿ ಇಡುತ್ತೇನೆ, ಇನ್ನೊಂದು ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ತೆರೆದು ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಭಾಲ್ಕಿಯವ

ನಮ್ಮ ಸಂಘದ ಕಚೇರಿಯಲ್ಲಿ ಈಗಲೂ ವಿಂಡೋಸ್ 7. ಬದಲಾಯಿಸೋಣ ಎಂದರೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹದಿನೈದು ವರ್ಷದ ಠರಾವುಗಳ ಅಕ್ಷರ ಒಡೆಯುತ್ತದೆ ಎಂದು ಕಾರ್ಯದರ್ಶಿಗಳು ಬಿಡುತ್ತಿಲ್ಲ.

ಯಾದಗಿರಿ ಮೇಷ್ಟ್ರು, ಕಂಪ್ಯೂಟರ್ ಬೋಧಕ

ವಿಂಡೋಸ್ 7ಕ್ಕೆ ರಕ್ಷಣೆಯ ಅಪ್‌ಡೇಟ್ ನಿಂತದ್ದು 2020ರ ಜನವರಿ 14ರಂದು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವಾನಾಕ್ರೈ ವೈರಸ್ ಲೋಕವನ್ನೆಲ್ಲ ಸುತ್ತಿತಲ್ಲ, ಅದು ನುಗ್ಗಿದ ತೂತಿಗೆ ತೇಪೆ ಮಾರ್ಚ್‌ನಲ್ಲಿಯೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಠರಾವುಗಳನ್ನು ಎಲ್ಲ ಕಂಪ್ಯೂಟರಿನಲ್ಲಿಯೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒತ್ತಕ್ಷರ ಅಲ್ಲಲ್ಲಿ ತಿದ್ದಬೇಕಾಗಬಹುದು, ಒಬ್ಬ ವಿದ್ಯಾರ್ಥಿಯನ್ನು ಒಂದು ವಾರ ಕೂರಿಸಿ. ಅಲ್ಲಿಯತನಕ ಆ ಹಳೆಯ ಯಂತ್ರದಲ್ಲಿ ಇಂಟರ್‌ನೆಟ್ ತೆಗೆದುಬಿಡಿ, ಬ್ಯಾಂಕ್ ಕೆಲಸವನ್ನಂತೂ ಮಾಡಲೇಬೇಡಿ.

ಹಿರಿಯ ಮುನೀಮ, ಬೀದರ್

ಇದಕ್ಕೆಲ್ಲ ನಗದು ವ್ಯವಹಾರವೇ ಲೇಸಾಗಿತ್ತು. ಕೆಂಪು ಬಟ್ಟೆಯ ಖಾತೆ ಪುಸ್ತಕಕ್ಕೆ ಯಾವ ಕಳ್ಳ ನುಗ್ಗುತ್ತಿದ್ದ?

ಶಹಾಬಾದಿ

ಕಾಕಾ, ಎಷ್ಟೋ ಸರಕಿಗೆ ಇ-ವೇ ಬಿಲ್ ಎಂಬ ಆನ್‌ಲೈನ್ ಚೀಟಿ ಇಲ್ಲದೆ ಲಾರಿ ಗಂಜ್ ದಾಟುವುದಿಲ್ಲ ಈಗ. ಹಿಂದಕ್ಕೆ ಹೋಗಲು ದಾರಿಯಿಲ್ಲ.

ಹಿರಿಯ ಮುನೀಮ, ಬೀದರ್

ಹಿಂದಕ್ಕೆ ಹೋಗಿ ಎನ್ನುತ್ತಿಲ್ಲಪ್ಪ. ಆಗಲೂ ಮೋಸವಿತ್ತು. ಯಾರೋ ಹುಡುಗ ಚೀಟಿ ತಂದು 'ಸಾಹುಕಾರರು ಐದು ಸಾವಿರ ಕೊಡಲು ಹೇಳಿದ್ದಾರೆ' ಎನ್ನುತ್ತಿದ್ದ. ಅಕ್ಷರ ಅವರದೇ ಇದ್ದರೂ ನಮ್ಮ ಗುರುಗಳು ಹುಡುಗನಿಗೆ ನೀರು ಕೊಟ್ಟು ಕೂರಿಸಿ, ಹಿಂಬಾಗಿಲಿನಿಂದ ಆಳನ್ನು ಕಳುಹಿಸಿ ಕೇಳಿಸುತ್ತಿದ್ದರು. ಕೇಳಿಸಿದ್ದಕ್ಕೆ ಯಾವ ಸಾಹುಕಾರನೂ ಸಿಟ್ಟಾಗುತ್ತಿರಲಿಲ್ಲ, ಶಹಭಾಸ್ ಎನ್ನುತ್ತಿದ್ದ. ಮೇಷ್ಟ್ರು ಹೇಳಿದ ಹಳೆಯ ನಂಬರಿಗೆ ಫೋನ್ ಮಾಡುವ ಪದ್ಧತಿ ಅದೇ ಅಲ್ಲವೇ?

ಯಾದಗಿರಿ ಮೇಷ್ಟ್ರು, ಕಂಪ್ಯೂಟರ್ ಬೋಧಕ

ಅದೇ ಕಾಕಾ, ಅದೇ! ಇನ್ನು ಮೇಲೆ ತರಗತಿಯಲ್ಲಿ ನಿಮ್ಮ ಚೀಟಿಯ ಹುಡುಗನ ಉದಾಹರಣೆಯನ್ನೇ ಕೊಡುತ್ತೇನೆ.

ಬಸವಕಲ್ಯಾಣ ಸೇವಾ ಕೇಂದ್ರ

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳುತ್ತೇನೆ. ಪ್ರತಿ ಕಚೇರಿಯ ಡ್ರಾಯರಿನಲ್ಲಿಯೂ ನೌಕರರ ಆಧಾರ್ ಜೆರಾಕ್ಸ್ ಕಟ್ಟುಕಟ್ಟಾಗಿ ಬಿದ್ದಿರುತ್ತದೆ, ಕೆಲವು ಕಡೆ ಮಿರ್ಚಿ ಭಜಿ ಕಟ್ಟಲು ಹೋಗುವುದನ್ನೂ ಕಣ್ಣಾರೆ ನೋಡಿದ್ದೇನೆ. ಆಧಾರ್ ಮೂಲಕ ಬೆರಳೊತ್ತಿ ಹಣ ತೆಗೆಯುವುದಕ್ಕೆ ಒಟಿಪಿ ಬೇಕಿಲ್ಲ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚಿನ ನಕಲು ಸಾಕು. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ ಎಂದು ನೌಕರರಿಗೆ ಹೇಳಿ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಲು ಬರುತ್ತದೆ, ಬೇಕಾದಾಗ ತೆಗೆಯಬಹುದು. ನನ್ನ ಕೇಂದ್ರಕ್ಕೆ ಬಂದವರಿಗೆಲ್ಲ ನಾನೇ ಕೂತು ಹಾಕಿಕೊಡುತ್ತೇನೆ.

ಹುಮನಾಬಾದ್ ರಸ್ತೆ

ನಮ್ಮ ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ವಿಡಿಯೊ ಕರೆಯಲ್ಲಿ ಪೊಲೀಸ್ ವೇಷದವರು ಆರು ಗಂಟೆ ಕೂರಿಸಿದ್ದರು. ಡಿಜಿಟಲ್ ಅರೆಸ್ಟ್ ಅಂತೆ. ಸೊಸೆ ಊಟಕ್ಕೆ ಕರೆಯಲು ಬಾಗಿಲು ಬಡಿದದ್ದರಿಂದ ಉಳಿದರು.

ವಕೀಲರ ಕಚೇರಿ, ಸೇಡಂ

ಅಂತಹ ಬಂಧನ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯ ಭಾಷಣದಲ್ಲಿ ಹೇಳಿದರು. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಕೂರಿಸಿ ಹೇಳಿ.

ಗಂಜ್ ಲೆಕ್ಕಿಗ, ಕಲಬುರಗಿ

ಮೇಷ್ಟ್ರೇ, ನೀವು ಹೇಳಿದಂತೆ ನೋಡಿದೆ. ಕೈಕಾಲು ತಣ್ಣಗಾಯಿತು. ಇನ್‌ವಾಯ್ಸ್ ಎಂಬ ಪದವಿರುವ ಪ್ರತಿ ಇ-ಮೇಲೂ ನಮಗೆ ಗೊತ್ತಿಲ್ಲದ ಒಂದು ವಿಳಾಸಕ್ಕೆ ನಕಲಾಗಿ ಹೋಗುವಂತೆ ಫಿಲ್ಟರ್ ಹಾಕಿದ್ದರು. ಸಾಧನಗಳ ಪಟ್ಟಿಯಲ್ಲಿ ನಮ್ಮದಲ್ಲದ ಒಂದು ಕಂಪ್ಯೂಟರ್ ಇತ್ತು. ಆ ಅಂಚೆಪೆಟ್ಟಿಗೆಯ ಪಾಸ್‌ವರ್ಡ್ 2016ರಲ್ಲಿ ನಾನೇ ಇಟ್ಟದ್ದು: ಮಿಲ್ಲಿನ ಹೆಸರು, ಅದರ ಮುಂದೆ 123. ನಾನು, ಸಾಹುಕಾರರು, ಅವರ ಮಗ, ಹುಡುಗಿ, ಕೆಲಸ ಬಿಟ್ಟು ಹೋದ ಇಬ್ಬರು, ಆರು ಜನಕ್ಕೆ ಗೊತ್ತು. ಮಾನಿಟರಿನ ಕೆಳಗೆ ಚೀಟಿಯಲ್ಲಿಯೂ ಅಂಟಿಸಿತ್ತು.

ಇವತ್ತು ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. ಸೋಮವಾರ ಸಂಜೆಯೇ ಅವಳಿಗೆ ಅನುಮಾನ ಬಂದಿತ್ತಂತೆ. ಇ-ಮೇಲನ್ನು ಮತ್ತೆ ಓದಿದಾಗ ವಿಳಾಸ ಯಾಕೋ ಅಗಲವಾಗಿ ಕಂಡಿತಂತೆ. ಹೇಳಲು ಸಾಹುಕಾರರ ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಆ ಬೆಳಿಗ್ಗೆಯೇ ಚುನ್ನಿ ಚೀಲದ ಲೆಕ್ಕದಲ್ಲಿ ಎರಡು ಚೀಲ ತಪ್ಪಿದ್ದಕ್ಕೆ ಹಮಾಲರ ಮುಂದೆ ಅವಳನ್ನು ಬೈದಿದ್ದರು. ಎರಡು ರಾತ್ರಿ ನಿದ್ದೆ ಮಾಡಿಲ್ಲ ಅವಳು. ಸೋಮವಾರ ಸಂಜೆ ಬಾಯಿ ಬಿಟ್ಟಿದ್ದರೆ ಹಣ ಆಗಲೇ ತಡೆಯಬಹುದಿತ್ತೇನೋ.

ಬೀದರ್ ಬ್ಯಾಂಕಿನವ, ನಿವೃತ್ತ

ಸಾಹುಕಾರರಿಗೆ ಇದೊಂದನ್ನು ಓದಿ ಹೇಳಿ. ಮೂವತ್ತನಾಲ್ಕು ವರ್ಷ ಕೌಂಟರಿನಲ್ಲಿ ಕೂತವನ ಅನುಭವ. ತಪ್ಪು ಒಪ್ಪಿಕೊಂಡು ಬಂದವನ ಸಂಬಳ ಹಿಡಿದರೆ, ಮುಂದಿನ ಸಲ ತಪ್ಪಾದಾಗ ಯಾರೂ ಬರುವುದಿಲ್ಲ. ಒಂದು ಗಂಟೆಯಲ್ಲಿ ತಿಳಿಯಬೇಕಾದದ್ದು ಒಂದು ವಾರಕ್ಕೆ ತಿಳಿಯುತ್ತದೆ. ನೀವು ಅವಳಿಂದ ಕಡಿಯುವ ಏಳು ಸಾವಿರಕ್ಕೆ ಮುಂದೆ ಏಳು ಲಕ್ಷ ತೆರಬೇಕಾಗುತ್ತದೆ.

ಲ್ಯಾಬ್ ಅಕ್ಕ, ಕಲಬುರಗಿ

ನೂರಕ್ಕೆ ನೂರು. ನಮ್ಮ ಆ ಆಸ್ಪತ್ರೆಯಲ್ಲಿ ವೈರಸ್ ತಂದ ಫೈಲನ್ನು ಯಾರು ಒತ್ತಿದರು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಹಿಂದಿನ ರಾತ್ರಿ ಪಾಳಿಯಲ್ಲಿದ್ದ ಯಾರಾದರೂ ಒಂದು ಫೋನ್ ಮಾಡಿ ತಂತಿ ಕಿತ್ತುಹಾಕಿದ್ದರೆ ಅರ್ಧ ದಾಖಲೆ ಉಳಿಯುತ್ತಿತ್ತು. ಎಲ್ಲರಿಗೂ ಕೆಲಸ ಹೋಗುವ ಭಯ.

ವಕೀಲರ ಕಚೇರಿ, ಸೇಡಂ

ಇಂತಹ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸಂಸ್ಥೆಗಳು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನವೂ ಇದೆ. ನೌಕರರು ಹೇಳಲು ಹೆದರುವ ಕಚೇರಿಯಲ್ಲಿ ಆರು ಗಂಟೆ ಎಲ್ಲಿಂದ ಬರಬೇಕು?

ಯಾದಗಿರಿ ಮೇಷ್ಟ್ರು, ಕಂಪ್ಯೂಟರ್ ಬೋಧಕ

ಲೆಕ್ಕಿಗರೇ, ಆ ಫಿಲ್ಟರಿನ ಚಿತ್ರ ತೆಗೆದಿಟ್ಟು, ಪೊಲೀಸರಿಗೆ ಕೊಟ್ಟು, ಆಮೇಲೆ ಅಳಿಸಿ. ಪಾಸ್‌ವರ್ಡನ್ನು ಬೇರೆ ಸ್ವಚ್ಛ ಕಂಪ್ಯೂಟರಿನಿಂದ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಒಪ್ಪಿಗೆಯೂ ಬೇಕಾಗುವ ಎರಡು ಹಂತದ ಪರಿಶೀಲನೆ ಹಾಕಿ. ಹೊಸ ಪಾಸ್‌ವರ್ಡ್ ಉದ್ದವಾಗಿರಲಿ. ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಬರೆದರೂ ಆಯಿತು, ಆದರೆ ಊರು, ಮಿಲ್ಲು, ಮನೆದೇವರ ಹೆಸರು ಬೇಡ. ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿ. ಕೆಲಸ ಬಿಟ್ಟವರ ಲಾಗಿನ್ ಅವರು ಹೊಸಿಲು ದಾಟುವ ದಿನವೇ ಮುಚ್ಚಬೇಕು.

ಗಂಜ್ ಲೆಕ್ಕಿಗ, ಕಲಬುರಗಿ

ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಠಾಣೆಯಿಂದ ಸುದ್ದಿ ಬಂತು, ಒಂದು ಖಾತೆಯಲ್ಲಿ 61,000 ತಡೆಹಿಡಿದಿದ್ದಾರೆ. ಅದು ಕೈಗೆ ಬರಲು ಇನ್ನೂ ಓಡಾಟವಿದೆ. ಉಳಿದದ್ದರ ಸುಳಿವಿಲ್ಲ.

ಬ್ಯಾಂಕಿನವರ ಮಾತನ್ನು ಸಾಹುಕಾರರಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ತಮ್ಮ ಫೋನ್ ತೆಗೆದು ಆ ದಿನದ ಒಟಿಪಿ ಸಂದೇಶವನ್ನು ಬಹಳ ಹೊತ್ತು ನೋಡಿದರು. ಪೂರ್ತಿ ಮೊತ್ತ ಅದರಲ್ಲಿಯೇ ಇತ್ತು. ನಿನ್ನೆ ಸಂಬಳ ಹಂಚಿದೆವು, ಹುಡುಗಿಗೆ 14,000 ಪೂರ್ತಿ ಹೋಗಿದೆ. ಖಾತೆ ಬದಲಾವಣೆ ಬಂದರೆ ಹಳೆಯ ನಂಬರಿಗೆ ಫೋನ್ ಮಾಡುವ ಕೆಲಸವನ್ನು ಅವಳಿಗೇ ಕೊಟ್ಟಿದ್ದೇನೆ. ಅವಳೇ ದೊಡ್ಡ ಅಕ್ಷರದಲ್ಲಿ ಬರೆದು 1930ರ ಜೊತೆ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟಿದ್ದಾಳೆ, ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ.

ಅಡತಿ ಅಂಗಡಿ, ಕಲಬುರಗಿ ಗಂಜ್

ಹುಡುಗಿಯ ಸಂಬಳ ಹಿಡಿಯಬೇಕು ಎಂದಿದ್ದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಅಂಗಡಿಯ ಪಾಸ್‌ವರ್ಡ್ ಕೂಡ ಅಂಗಡಿಯ ಹೆಸರೇ. ಮೇಷ್ಟ್ರೇ, ಆ ಫಿಲ್ಟರ್ ಎಲ್ಲಿದೆ? ಅರ್ಧ ಗಂಟೆಯಿಂದ ಫೋನಿನಲ್ಲಿ ಹುಡುಕುತ್ತಿದ್ದೇನೆ, ಕಾಣುತ್ತಿಲ್ಲ.

ಯಾದಗಿರಿ ಮೇಷ್ಟ್ರು, ಕಂಪ್ಯೂಟರ್ ಬೋಧಕ

ಫೋನಿನ ಜಿಮೇಲ್ ಆಪ್‌ನಲ್ಲಿ ಕಾಣುವುದಿಲ್ಲ ಅಣ್ಣಾ. ಕಂಪ್ಯೂಟರಿನಲ್ಲಿ ತೆರೆದು, ಬಲಗಡೆ ಮೇಲೆ ಹಲ್ಲುಚಕ್ರದ ಗುರುತು ಒತ್ತಿ, ಎಲ್ಲ ಸೆಟ್ಟಿಂಗ್ಸ್ ನೋಡಿ ಎಂಬುದಕ್ಕೆ ಹೋಗಿ. ನಿಮಗೆ ಗೊತ್ತಿಲ್ಲದ ಒಂದು ವಿಳಾಸ ಕಂಡರೂ ಮೊದಲು ಚಿತ್ರ ತೆಗೆದು ನನಗೆ ತಿಳಿಸಿ.

ಅಡತಿ ಅಂಗಡಿ, ಕಲಬುರಗಿ ಗಂಜ್

ಆಯಿತು. ನಾಳೆ ಬೆಳಿಗ್ಗೆ ಹರಾಜಿನ ಸವಾಲು ಶುರುವಾಗುವ ಮೊದಲೇ ಗುಮಾಸ್ತನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇನೆ.